ಗ್ಯಾಸ್ಟ್ರಿಕ್ ಮಾತ್ರೆ ಅಂದ್ರೆ ಯಾವ ಮಾತ್ರೆ?

ನಮ್ಮ ಕಡೆ ಗಂಟಲಿನಿಂದ ಹೊಕ್ಕುಳಿನ ತನಕ ಏನೇ ಆದರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಹುಳಿ ತೇಗು ಬಂದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್. ಬೆನ್ನು ಹಿಡಿದುಕೊಂಡರೂ ‘ಗ್ಯಾಸ್ ಸೇರ್ಕೊಂಡಿದೆ’ ಅನ್ನೋರಿದ್ದಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಜಠರಕ್ಕೆ ಸಂಬಂಧಿಸಿದ’ ಅಂತಷ್ಟೇ ಅರ್ಥ, ಅದು ಯಾವ ಕಾಯಿಲೆಯ ಹೆಸರೂ ಅಲ್ಲ. ನಾವು ಅದನ್ನು ಕಾಯಿಲೆ ಮಾಡಿಕೊಂಡು, ಅದಕ್ಕೊಂದು ಔಷಧಿಯನ್ನೂ ಹುಡುಕಿಕೊಂಡಿದ್ದೇವೆ. ಮೆಡಿಕಲ್ ಶಾಪಿಗೆ ಹೋಗಿ ‘ಅಣ್ಣಾ, ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಅಂದರೆ ಅಂಗಡಿಯವರು ಯಾವುದು ಅಂತ ಕೇಳೋದೇ ಇಲ್ಲ. ಕೈಗೆ ಸಿಕ್ಕಿದ್ದು ಕೊಡ್ತಾರೆ, ನಾವು ನುಂಗ್ತೀವಿ.

ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಗ್ಯಾಸ್ಟ್ರಿಕ್ ಮಾತ್ರೆ. ಅಜ್ಜಿಗೆ ಗುಲಾಬಿ ಬಣ್ಣದ ಡೈಜೀನ್. ಅಮ್ಮನಿಗೆ ರಾನ್‌ಟ್ಯಾಕ್. ಅಪ್ಪನಿಗೆ ಪ್ಯಾಂಟೊಪ್ರಜೋಲ್. ನಾನು ಹಾಸ್ಟೆಲ್ಲಿನಿಂದ ಬರುವಾಗ ಬ್ಯಾಗಿನಲ್ಲಿ ಉಳಿದಿರುವ ಈನೋ ಪ್ಯಾಕೆಟ್. ಇವೆಲ್ಲ ಒಂದೇ ಕೆಲಸ ಮಾಡುವ ಬೇರೆ ಬೇರೆ ಕಂಪನಿಯ ಮಾಲು ಅಂತ ಮನೆಯವರೆಲ್ಲರ ನಂಬಿಕೆ. ಅಮ್ಮ ಖಾಲಿಯಾದರೆ ಅಪ್ಪನದ್ದು, ಅಪ್ಪ ಖಾಲಿಯಾದರೆ ಅಮ್ಮನದ್ದು. ಆದರೆ ಇವು ಕೆಲಸ ಮಾಡುವ ಜಾಗ ಬೇರೆ, ಹೊತ್ತು ಬೇರೆ, ಬಿಡುವ ರೀತಿಯೂ ಬೇರೆ. ಅದನ್ನ ನಾನು ತಿಳ್ಕೊಳ್ಳಬೇಕಾಗಿ ಬಂದದ್ದು ಅಪ್ಪನಿಂದ.

ಅಪ್ಪ ಹಾಸನ ಜಿಲ್ಲೆಯಲ್ಲಿ ಬಸ್ ಡ್ರೈವರ್. ಒಂದು ವಾರ ಬೆಳಗಿನ ಐದೂವರೆ ಬಸ್ಸು, ಇನ್ನೊಂದು ವಾರ ನೈಟ್ ಹಾಲ್ಟು. ತಿಂಡಿ ಸಿಕ್ಕಾಗ, ಊಟ ಬಸ್ ನಿಂತಾಗ, ಮಧ್ಯೆ ಎಷ್ಟು ಟೀ ಅಂತ ಲೆಕ್ಕವೇ ಇಲ್ಲ. ಆರು ವರ್ಷದ ಹಿಂದೆ ಎದೆ ಉರಿ ಅಂತ ಹೋದಾಗ ಡಾಕ್ಟರು ನಾಲ್ಕು ವಾರಕ್ಕೆ ಬರೆದುಕೊಟ್ಟ ಚೀಟಿ ಆರು ವರ್ಷ ನಡೀತು. ಯಾರೂ ಮುಂದುವರಿಸಿ ಅನ್ನಲಿಲ್ಲ, ಯಾರೂ ನಿಲ್ಲಿಸಿ ಅಂತಲೂ ಅನ್ನಲಿಲ್ಲ. ಮಾತ್ರೆ ಮುಗಿದಾಗ ಖಾಲಿ ಸ್ಟ್ರಿಪ್ಪನ್ನು ಅಂಗಡಿಯಲ್ಲಿ ತೋರಿಸಿದರೆ ಹೊಸದು ಬರ್ತಿತ್ತು.

ಎರಡು ವರ್ಷದ ಹಿಂದೆ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಡ್ಯೂಟಿ ಮುಗಿಸಿ, ಎದೆ ಹಿಡ್ಕೊಂಡಿದೆ, ಗ್ಯಾಸು ಅಂತ ಸೋಡಾ ಕುಡಿದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅದಾದ ಮೇಲೆ ಅಪ್ಪ ಎದೆ ಸವರಿಕೊಂಡಾಗಲೆಲ್ಲ ನಮ್ಮ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸ್ತಿದ್ವಿ. ಒಂದು ರಾತ್ರಿ ಉರಿ ಜಾಸ್ತಿಯಾಗಿ ಎಡಗಡೆಯೂ ಹಿಂಡಿದ ಹಾಗೆ ಆದಾಗ ಅಮ್ಮ ಈನೋ ಕಲಸುತ್ತಿದ್ದರು, ನಾನು ಆಟೋ ಕರೆದೆ. ಇಸಿಜಿ, ರಕ್ತ ಪರೀಕ್ಷೆ ಎರಡರಲ್ಲೂ ಹೃದಯಾಘಾತದ ಸುಳಿವು ಇರಲಿಲ್ಲ. ಆದರೆ ಇಸಿಜಿ ನೋಡಿದ ಡಾಕ್ಟರು ‘ಕ್ಯೂಟಿ ಸ್ವಲ್ಪ ಉದ್ದ ಇದೆಯಲ್ಲಾ, ಏನು ಮಾತ್ರೆ ತಗೋತಿದ್ದೀರಿ?’ ಅಂತ ಕೇಳಿದರು. ಅಪ್ಪ ಜೇಬಿನಿಂದ ಸ್ಟ್ರಿಪ್ ತೆಗೆದುಕೊಟ್ಟರು. ಡಾಕ್ಟರ ಬೆರಳು ಹೆಸರಿನ ಕೊನೆಯ ‘ಡಿ’ ಅಕ್ಷರದ ಮೇಲೆ ನಿಂತಿತು.

ಆ ಅಕ್ಷರದ ಕಥೆ ಆಮೇಲೆ ಹೇಳ್ತೀನಿ. ಮೊದಲು ಹೊಟ್ಟೆಯೊಳಗಿನ ಪ್ಲಂಬಿಂಗ್.

ಅನ್ನನಾಳ ಜಠರಕ್ಕೆ ಸೇರುವ ಕಡೆ ಸ್ನಾಯುವಿನ ಒಂದು ಬಿಗಿ ಉಂಗುರ ಇದೆ, ಒನ್ ವೇ ವಾಲ್ವ್ ಇದ್ದ ಹಾಗೆ. ಅದು ಆಗಬಾರದ ಹೊತ್ತಲ್ಲಿ ಸಡಿಲವಾದರೆ ಜಠರದ ರಸ ಮೇಲಕ್ಕೆ ನುಗ್ಗುತ್ತದೆ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ, ಅನ್ನನಾಳಕ್ಕೆ ಅಷ್ಟು ಇಲ್ಲ, ಹಾಗಾಗಿ ಸುಡುತ್ತದೆ. ಇದು ಮೇಲಿಂದ ಮೇಲೆ ಆಗಿ ತೊಂದರೆ ಕೊಟ್ಟರೆ ಅದಕ್ಕೆ ಜಿಇಆರ್‌ಡಿ ಅಂತಾರೆ. ಇಲ್ಲಿ ಗಮನಿಸಬೇಕಾದ್ದು, ಕೆಟ್ಟಿರೋದು ವಾಲ್ವು. ಎದೆ ಉರಿಗೆ ನುಂಗುವ ಮಾತ್ರೆಗಳು ಮಾತ್ರ ಬಹುಪಾಲು ಆಸಿಡ್ ಮೇಲೆ ಕೆಲಸ ಮಾಡುತ್ತವೆ, ವಾಲ್ವನ್ನು ಮುಟ್ಟುವುದಿಲ್ಲ. ಮಾತ್ರೆ ತಗೊಂಡ ಮೇಲೂ ರಸ ಮೇಲಕ್ಕೆ ಬರ್ತಾನೇ ಇರುತ್ತದೆ, ಬಂದದ್ದು ಸುಡುವುದಿಲ್ಲ ಅಷ್ಟೆ. ‘ಮಾತ್ರೆ ತಗೊಂಡ್ರೂ ಬಾಯಿಗೆ ಏನೋ ಬಂದ ಹಾಗೆ ಆಗುತ್ತೆ’ ಅಂತ ಅಪ್ಪ ಆರು ವರ್ಷ ಹೇಳುತ್ತಿದ್ದದ್ದಕ್ಕೆ ಉತ್ತರ ಇದು.

ಇನ್ನು ಆಸಿಡ್ ಎಲ್ಲಿಂದ ಬರುತ್ತೆ? ಜಠರದ ಗೋಡೆಯಲ್ಲಿ ಪರೈಟಲ್ ಅನ್ನುವ ಕೋಶಗಳಿವೆ. ಅವುಗಳಲ್ಲಿ ಒಂದು ಪಂಪ್ ಇದೆ. ಉಪಮೆಗೆ ಹೇಳ್ತಿಲ್ಲ, ವಿಜ್ಞಾನಿಗಳೇ ಅದಕ್ಕೆ ಪ್ರೋಟಾನ್ ಪಂಪ್ ಅಂತ ಹೆಸರಿಟ್ಟಿದ್ದಾರೆ. ಎಟಿಪಿ ಖರ್ಚು ಮಾಡಿ ಒಂದು ಪೊಟ್ಯಾಸಿಯಮ್ ಅಯಾನನ್ನು ಒಳಗೆಳೆದುಕೊಂಡು ಒಂದು ಹೈಡ್ರೋಜನ್ ಅಯಾನನ್ನು ಹೊರಗೆ ತಳ್ಳುತ್ತದೆ. ಕೋಶದ ಒಳಗೆ ಪಿಎಚ್ ಏಳರ ಆಸುಪಾಸು, ಹೊರಗೆ ಒಂದರ ಆಸುಪಾಸು. ಪಿಎಚ್ ಲಾಗ್ ಸ್ಕೇಲು ಅಂತ ನೆನಪಿದೆಯಲ್ವಾ? ಅಂದರೆ ಹತ್ತು ಲಕ್ಷ ಪಟ್ಟು ವ್ಯತ್ಯಾಸದ ವಿರುದ್ಧ ಈ ಪಂಪು ತಳ್ಳುತ್ತಿದೆ. ನಮ್ಮ ಡಿಪಾರ್ಟ್‌ಮೆಂಟಿನ ಲ್ಯಾಬಿನಲ್ಲಿರುವ ಪಂಪನ್ನು ನೆನೆಸಿಕೊಂಡು ನನಗೆ ನಾಚಿಕೆಯಾಯಿತು.

ಈ ಪಂಪಿಗೆ ಮೂರು ಸ್ವಿಚ್ಚು. ನರದಿಂದ ಬರುವ ಅಸಿಟೈಲ್‌ಕೋಲಿನ್, ರಕ್ತದಲ್ಲಿ ಬರುವ ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನು, ಪಕ್ಕದ ಕೋಶಗಳಿಂದ ಬರುವ ಹಿಸ್ಟಮಿನ್. ಇಷ್ಟು ಗೊತ್ತಾದರೆ ಎಲ್ಲಾ ಮಾತ್ರೆಗಳ ಜಾತಕ ಹೇಳಬಹುದು.

ಈನೋ, ಡೈಜೀನ್, ಜೆಲುಸಿಲ್ ಇವೆಲ್ಲ ಪಂಪಿನ ತಂಟೆಗೇ ಹೋಗುವುದಿಲ್ಲ. ನೆಲದ ಮೇಲೆ ಚೆಲ್ಲಿದ ನೀರನ್ನು ಒರೆಸುವ ಬಟ್ಟೆ ಇದ್ದ ಹಾಗೆ, ಇರುವ ಆಸಿಡ್ಡನ್ನು ಕ್ಷಾರ ಹಾಕಿ ತಟಸ್ಥ ಮಾಡುತ್ತವೆ. ಪಿಯುಸಿ ಕೆಮಿಸ್ಟ್ರಿ. ನಿಮಿಷಗಳಲ್ಲಿ ಆರಾಮ, ಆದರೆ ಜಠರ ಖಾಲಿಯಾದ ಕೂಡಲೇ ಪರಿಣಾಮವೂ ಖಾಲಿ. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮಲಬದ್ಧತೆ ಮಾಡುತ್ತೆ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಭೇದಿ ಮಾಡಿಸುತ್ತೆ, ಅದಕ್ಕೇ ಎರಡನ್ನೂ ಕಲಸಿ ಒಂದೇ ಬಾಟಲಿಗೆ ತುಂಬ್ತಾರೆ. ಇಂಥ ಜುಗಾಡು ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ. ಅಜ್ಜಿಗೆ ತಿಂಗಳಿಗೆ ಒಂದೆರಡು ಸಲ ಉರಿ ಬರೋದು. ಅಷ್ಟಕ್ಕೆ ಅವರ ಔಷಧಿ ಸರಿಯಾಗಿಯೇ ಇದೆ.

ಅಮ್ಮನ ರಾನ್‌ಟ್ಯಾಕ್, ಅಂದರೆ ರಾನಿಟಿಡಿನ್, ಮೂರರಲ್ಲಿ ಒಂದು ಸ್ವಿಚ್ಚನ್ನು ಆಫ್ ಮಾಡುತ್ತೆ, ಹಿಸ್ಟಮಿನ್ನಿನದ್ದು. ಇದರ ಹಿಂದಿನ ಐಡಿಯಾ ಜೇಮ್ಸ್ ಬ್ಲ್ಯಾಕ್ ಅನ್ನುವ ಸ್ಕಾಟ್ಲೆಂಡಿನ ವಿಜ್ಞಾನಿಯದ್ದು. ಆತ ಮೊದಲು ಅಡ್ರಿನಲಿನ್ ಕೂರುವ ಜಾಗವನ್ನು ಮುಚ್ಚಿ ಹೃದಯಕ್ಕೆ ಪ್ರೊಪ್ರನಲಾಲ್ ಮಾಡಿದ, ಆಮೇಲೆ ಅದೇ ಉಪಾಯವನ್ನು ಹಿಸ್ಟಮಿನ್ನಿಗೆ ಹಚ್ಚಿದ. ಅದರಿಂದ ಬಂದ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂತು, 1981ರಲ್ಲಿ ರಾನಿಟಿಡಿನ್ ಬಂತು. ಅದಕ್ಕೆ ಮುಂಚೆ ಅಲ್ಸರ್ ಅಂದರೆ ಎಷ್ಟೋ ಜನಕ್ಕೆ ಆಪರೇಷನ್ನೇ ಗತಿಯಾಗಿತ್ತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್ ಸಿಕ್ಕಿತು. ತಮಾಷೆ ಅಂದರೆ ಅವನ ಔಷಧಿಯನ್ನು ಮೂಲೆಗೆ ತಳ್ಳಿದ ಓಮೆಪ್ರಜೋಲ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ.

ಈ ಗುಂಪಿನ ಮಾತ್ರೆಗಳು ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತವೆ, ಹತ್ತು ಹನ್ನೆರಡು ಗಂಟೆ ಇರುತ್ತವೆ. ರಾತ್ರಿ ಹೊತ್ತು ಸುರಿಯುವ ಆಸಿಡ್ಡಿಗೆ ಚೆನ್ನಾಗಿ ಹಿಡಿತ, ಊಟದ ನಂತರದ್ದಕ್ಕೆ ಅಷ್ಟಿಲ್ಲ, ಯಾಕಂದ್ರೆ ಊಟ ಮಾಡಿದಾಗ ಉಳಿದೆರಡು ಸ್ವಿಚ್ಚುಗಳೂ ಆನ್ ಆಗುತ್ತವೆ. ದೊಡ್ಡ ಮಿತಿ ಇನ್ನೊಂದು: ದಿನಾ ತಗೊಂಡರೆ ಒಂದೆರಡು ವಾರದಲ್ಲಿ ದೇಹ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ. ಅಮ್ಮ ತಗೊಳ್ತಿದ್ದದ್ದು ಹಬ್ಬದ ದಿನ, ಮದುವೆ ಊಟದ ದಿನ, ಬೋಂಡಾ ಕರಿದ ಸಂಜೆ. ಯಾರೂ ಹೇಳಿಕೊಡದೆ ಆ ಮಾತ್ರೆಯನ್ನು ಹೇಗೆ ಬಳಸಬೇಕೋ ಹಾಗೇ ಬಳಸಿದ್ದಾರೆ.

ಆದರೆ ರಾನಿಟಿಡಿನ್‌ಗೇ ಬೇರೆ ಗಂಡಾಂತರ ಬಂತು. ಅದರಲ್ಲಿ ಎನ್‌ಡಿಎಂಎ ಅನ್ನುವ, ಕ್ಯಾನ್ಸರ್ ತರಬಹುದಾದ ರಾಸಾಯನಿಕ ಸಿಕ್ಕಿತು. ಬಿಸಿಯಲ್ಲಿ, ಇಟ್ಟಷ್ಟು ದಿನ ಅದು ಹೆಚ್ಚುತ್ತದೆ ಅಂತ ಗೊತ್ತಾಗಿ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಅಲ್ಲಿನ ಮಾರುಕಟ್ಟೆಯಿಂದ ಪೂರ್ತಿ ವಾಪಸ್ ತರಿಸಿತು. ಭಾರತ 2022ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು, ಅಂಗಡಿಯಲ್ಲಿ ಮಾತ್ರ ಈಗಲೂ ಸಿಗುತ್ತದೆ. ಇದೇ ಗುಂಪಿನ ಫ್ಯಾಮೊಟಿಡಿನ್‌ನಲ್ಲಿ ಆ ತಕರಾರು ಇಲ್ಲ. ಅಮ್ಮನಿಗೆ ಈಗ ಅದನ್ನೇ ತಂದುಕೊಟ್ಟಿದ್ದೇನೆ. ‘ಇಪ್ಪತ್ತು ವರ್ಷ ತಿಂದೆ, ಏನಾಯ್ತು?’ ಅಂತ ಅವರ ವಾದ. ಎರಡೂ ಒಂದೇ ಕೆಲಸ ಮಾಡೋವಾಗ ಅನುಮಾನ ಇರೋದನ್ನ ಯಾಕೆ ತಿನ್ನಬೇಕಮ್ಮಾ ಅಂತ ನನ್ನದು.

ಈಗ ಅಪ್ಪನ ಮಾತ್ರೆ. ಓಮೆಪ್ರಜೋಲ್, ಲ್ಯಾನ್ಸೊಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್, ಹೀಗೆ ‘ಪ್ರಜೋಲ್’ ಅಂತ ಮುಗಿಯುವವು ಸ್ವಿಚ್ಚುಗಳನ್ನು ಬಿಟ್ಟು ನೇರ ಪಂಪಿಗೇ ಕೈ ಹಾಕುತ್ತವೆ. ಇವುಗಳ ಕೆಲಸದ ಪರಿ ಓದಿದಾಗ ನಾನು ಹಾಸ್ಟೆಲ್ ರೂಮಿನಲ್ಲಿ ಎದ್ದು ಓಡಾಡಿದೆ, ಅಷ್ಟು ಚೆಂದ ಇದೆ. ನುಂಗಿದ ಮಾತ್ರೆಗೆ ಆಸಿಡ್ ಕಂಡರೆ ಆಗದು, ಜಠರದಲ್ಲಿ ಕರಗಿದರೆ ಅಲ್ಲೇ ಹಾಳು. ಅದಕ್ಕೇ ಮೇಲೊಂದು ಲೇಪ, ಅದನ್ನು ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು. ಲೇಪ ಕರಗುವುದು ಸಣ್ಣ ಕರುಳಿನಲ್ಲಿ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಸುತ್ತು ಹಾಕಿ ಮತ್ತೆ ಜಠರದ ಆ ಕೋಶಗಳಿಗೆ, ಈ ಸಲ ಹಿತ್ತಲ ಬಾಗಿಲಿನಿಂದ. ಅಲ್ಲಿ ಪಂಪು ಆಸಿಡ್ ಉಗುಳುತ್ತಿದ್ದರೆ ಮಾತ್ರ ಆ ಆಸಿಡ್ಡೇ ಔಷಧಿಯ ರೂಪ ಬದಲಿಸಿ ಅದನ್ನು ಚುರುಕು ಮಾಡುತ್ತದೆ. ಚುರುಕಾದ ಔಷಧಿ ಪಂಪಿಗೆ ಅಂಟಿಕೊಂಡು, ಆ ಪಂಪು ಅಲ್ಲಿಗೆ ಕೆಟ್ಟು ನಿಲ್ಲುತ್ತದೆ. ಅಂದರೆ ಓಡುತ್ತಿರುವ ಪಂಪನ್ನಷ್ಟೇ ಇದು ಕೆಡಿಸಬಲ್ಲದು. ಮಲಗಿರುವ ಪಂಪಿಗೆ ಏನೂ ಮಾಡದು.

ರಕ್ತದಲ್ಲಿ ಔಷಧಿಯ ಅರ್ಧಾಯುಷ್ಯ ಒಂದೆರಡು ಗಂಟೆ. ಆ ಅವಧಿಯಲ್ಲಿ ಪಂಪುಗಳು ಓಡುತ್ತಿರಬೇಕು. ಪಂಪು ಓಡೋದು ಊಟ ಮಾಡಿದಾಗ. ಆದ್ದರಿಂದ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಬೇಕು. ‘ಖಾಲಿ ಹೊಟ್ಟೆಗೆ’ ಅಂತ ಚೀಟಿಯಲ್ಲಿ ಬರೆಯುತ್ತಾರಲ್ಲ, ಅದರ ಅರ್ಧ ಭಾಗವನ್ನಷ್ಟೇ ನಾವು ಓದಿಕೊಳ್ಳೋದು. ಖಾಲಿ ಹೊಟ್ಟೆಗೆ ತಗೊಂಡು ಆಮೇಲೆ ಹೊಟ್ಟೆ ತುಂಬಿಸಲೂ ಬೇಕು. ಅಪ್ಪ ಬೆಳಿಗ್ಗೆ ನಾಲ್ಕೂವರೆಗೆ ಅಲಾರಾಂ ಹೊಡೆದಾಗ ಮಾತ್ರೆ ನುಂಗಿ, ತಿಂಡಿ ತಿನ್ನುತ್ತಿದ್ದದ್ದು ಏಳೂವರೆಗೆ ಹೋಟೆಲ್ ಮುಂದೆ ಬಸ್ ನಿಂತಾಗ. ಮೂರು ಗಂಟೆ! ಔಷಧಿ ಬಂದು, ಕಾದು, ಯಾರೂ ಇಲ್ಲ ಅಂತ ಬಹುಪಾಲು ಹೊರಟೇ ಹೋಗಿರುತ್ತಿತ್ತು. ಡಾಕ್ಟರ ಹತ್ತಿರ ಈ ಲೆಕ್ಕ ಹೇಳಿದಾಗ ಅವರು ನಕ್ಕು ‘ಹಾಗಾದ್ರೆ ಆರೂ ಮುಕ್ಕಾಲಿಗೆ ತಗೊಳ್ಳಿ’ ಅಂದರು. ಆರೂ ಮುಕ್ಕಾಲಿಗೆ ಅಪ್ಪ ಸ್ಟೇರಿಂಗ್ ಹಿಡಿದಿರುತ್ತಾರೆ. ಕೊನೆಗೆ ಆ ಹೊತ್ತಿಗೆ ಬರುವ ಒಂದು ಸ್ಟಾಪಿನಲ್ಲಿ ಕಂಡಕ್ಟರ್ ಅಣ್ಣ ಜನ ಹತ್ತಿಸಿಕೊಳ್ಳುವಾಗ ‘ಅಣ್ಣಾ, ಮಾತ್ರೆ’ ಅಂತ ಕೂಗುವುದು, ಅಪ್ಪ ನುಂಗಿ ನೀರು ಕುಡಿದ ಮೇಲೆ ‘ರೈಟ್’ ಅನ್ನುವುದು ಅಂತ ಆಯಿತು. ಆ ರೂಟಿನ ಖಾಯಂ ಪ್ಯಾಸೆಂಜರುಗಳಿಗೂ ಈಗ ಗೊತ್ತು.

ಎಲ್ಲಾ ಪಂಪುಗಳೂ ಒಂದೇ ಸಲ ಓಡುವುದಿಲ್ಲ, ದಿನಾ ಹೊಸ ಪಂಪುಗಳೂ ಹುಟ್ಟುತ್ತವೆ. ಹಾಗಾಗಿ ಮೊದಲ ದಿನವೇ ಪೂರ್ತಿ ಪರಿಣಾಮ ಸಿಗದು. ಮೂರರಿಂದ ಐದು ದಿನ ಬೇಕು ಸ್ಟೆಡಿ ಸ್ಟೇಟಿಗೆ ಬರಲು. ಉರಿ ಬಂದಾಗ ಒಂದು ನುಂಗಿ ಹತ್ತು ನಿಮಿಷಕ್ಕೆ ‘ಕಡಿಮೆ ಆಯ್ತು’ ಅನ್ನುವವರಿಗೆ ಕಡಿಮೆ ಮಾಡಿದ್ದು ಜೊತೆಗೆ ಕುಡಿದ ನೀರು ಇರಬೇಕು. ತಕ್ಷಣದ ಉರಿಗೆ ಅಜ್ಜಿಯ ಗುಲಾಬಿ ಬಾಟಲಿಯೇ ವಾಸಿ.

ಪ್ರಜೋಲ್‌ಗಳಲ್ಲಿ ಯಾವುದು ಸ್ಟ್ರಾಂಗು? ಇದು ನಮ್ಮ ಕ್ಲಾಸಿನ ಹುಡುಗರು ಕೇಳಿದ ಮೊದಲ ಪ್ರಶ್ನೆ. ಅಳೆಯುವ ಒಂದು ವಿಧಾನ, 24 ಗಂಟೆಯಲ್ಲಿ ಜಠರದ ಪಿಎಚ್ ನಾಲ್ಕಕ್ಕಿಂತ ಮೇಲೆ ಎಷ್ಟು ಹೊತ್ತು ಇತ್ತು ಅಂತ ನೋಡೋದು. ಒಂದೂವರೆಯಿಂದ ನಾಲ್ಕಕ್ಕೆ ಏರಿದರೆ ಆಸಿಡ್ ಸಾಂದ್ರತೆ 300 ಪಟ್ಟಿಗೂ ಹೆಚ್ಚು ಇಳಿದ ಹಾಗೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 34 ರೋಗಿಗಳಿಗೆ ಐದೂ ಔಷಧಿಗಳನ್ನು ಸರದಿಯಂತೆ ಕೊಟ್ಟು ಐದನೇ ದಿನ ಅಳೆದರು. ಎಸೊಮೆಪ್ರಜೋಲ್ 40 ಮಿಗ್ರಾಂನಲ್ಲಿ 14 ಗಂಟೆ, ಪ್ಯಾಂಟೊಪ್ರಜೋಲ್ 40 ಮಿಗ್ರಾಂನಲ್ಲಿ ಸುಮಾರು 10 ಗಂಟೆ, ಉಳಿದ ಮೂರು ಹನ್ನೆರಡರ ಆಸುಪಾಸು. ಇನ್ನೂ ಮಜಾ ಇರೋದು ಮಿಲಿಗ್ರಾಂ ಲೆಕ್ಕದಲ್ಲಿ. ಆಸಿಡ್ ಇಳಿಸುವ ಶಕ್ತಿಯನ್ನು ಓಮೆಪ್ರಜೋಲ್‌ಗೆ ಹೋಲಿಸಿದರೆ ಪ್ಯಾಂಟೊಪ್ರಜೋಲ್ 40 ಅಂದರೆ ಸುಮಾರು 9 ಮಿಗ್ರಾಂಗೆ ಸಮ, ರಾಬೆಪ್ರಜೋಲ್ 20 ಅಂದರೆ ಸುಮಾರು 36ಕ್ಕೆ ಸಮ. ಡಿಪೋದಲ್ಲಿ ಯಾರೋ ರಾಬೆಪ್ರಜೋಲ್ ಇಪ್ಪತ್ತು ತಗೋತೀನಿ ಅಂದಾಗ ಅಪ್ಪ ‘ನಂದು ನಲವತ್ತು, ನಂದೇ ಜಾಸ್ತಿ’ ಅಂತ ಬೇಸರ ಪಟ್ಟುಕೊಂಡಿದ್ದರಂತೆ. ಲೆಕ್ಕ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಆದರೆ ಈ ರೇಸಿಗೆ ಅಷ್ಟು ಬೆಲೆ ಇಲ್ಲ ಅಂತ ನನಗನಿಸುತ್ತೆ. ಸಾಧಾರಣ ರೋಗಿಗೆ ಮಾಮೂಲಿ ಡೋಸಿನಲ್ಲಿ ಗಾಯ ಮಾಯುವ ಪ್ರಮಾಣ ಇವುಗಳ ನಡುವೆ ಹೆಚ್ಚು ವ್ಯತ್ಯಾಸ ಇಲ್ಲ. ಹೊತ್ತಿಗೆ ಸರಿಯಾಗಿ ತಗೊಂಡ ಪ್ಯಾಂಟೊಪ್ರಜೋಲ್, ಹೊತ್ತುಗೊತ್ತಿಲ್ಲದೆ ತಗೊಂಡ ಎಸೊಮೆಪ್ರಜೋಲ್‌ಗಿಂತ ಮೇಲು. ವ್ಯತ್ಯಾಸ ನಿಜವಾಗಿ ಲೆಕ್ಕಕ್ಕೆ ಬರುವ ಒಂದು ಕಡೆ ಇದೆ. ಸ್ಟೆಂಟ್ ಹಾಕಿಸಿಕೊಂಡವರು ಕ್ಲೊಪಿಡೊಗ್ರೆಲ್ ಅನ್ನುವ ಮಾತ್ರೆ ತಗೋತಾರೆ. ಅದು ಕೆಲಸಕ್ಕೆ ಬರಬೇಕಾದರೆ ಲಿವರಿನ ಒಂದು ಕಿಣ್ವ ಅದನ್ನು ಬದಲಾಯಿಸಬೇಕು. ಓಮೆಪ್ರಜೋಲ್, ಎಸೊಮೆಪ್ರಜೋಲ್ ಆ ಕಿಣ್ವವನ್ನೇ ತಡೆಯುತ್ತವೆ, ಪ್ಯಾಂಟೊಪ್ರಜೋಲ್ ಅಷ್ಟಾಗಿ ತಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಸ್ಟೆಂಟ್ ಆದವರಿದ್ದು, ‘ಗ್ಯಾಸ್ಟ್ರಿಕ್ ಮಾತ್ರೆ ಯಾವುದಾದ್ರೂ ಒಂದು’ ಅಂತ ತರಿಸುತ್ತಿದ್ದರೆ, ಈ ಒಂದು ವಿಷಯವನ್ನು ಅವರ ಡಾಕ್ಟರ ಹತ್ತಿರ ಕೇಳಿ.

ಇನ್ನು ಆ ‘ಡಿ’. ಹೆಸರಿನ ಕೊನೆಗೆ ಡಿ ಅಥವಾ ಡಿಎಸ್‌ಆರ್ ಅಂತ ಇರುವ ಮಾತ್ರೆಗಳಲ್ಲಿ ಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಅನ್ನುವ ಎರಡನೇ ಔಷಧಿಯೂ ಇರುತ್ತದೆ. ಅದು ವಾಕರಿಕೆಗೆ ಕೊಡುವ ಔಷಧಿ, ಜಠರವನ್ನು ಬೇಗ ಖಾಲಿ ಮಾಡಿಸುತ್ತದೆ. ಆದರೆ ಹೃದಯದ ವಿದ್ಯುತ್ ಲಯದ ಮೇಲೂ ಅದರ ಪ್ರಭಾವ ಇದೆ. ಪ್ರತಿ ಬಡಿತದ ನಂತರ ಹೃದಯ ರೀಚಾರ್ಜ್ ಆಗಲು ತಗೊಳ್ಳುವ ಸಮಯ, ಇಸಿಜಿಯ ಕ್ಯೂಟಿ, ಉದ್ದ ಆಗಬಹುದು. ಅದು ಅತಿಯಾದರೆ ಲಯ ತಪ್ಪುತ್ತದೆ. ಯುರೋಪಿನ ಔಷಧಿ ನಿಯಂತ್ರಕರು 2014ರಲ್ಲೇ ಇದನ್ನು ವಾಕರಿಕೆ ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ, ಎದೆ ಉರಿಗೂ ಹೊಟ್ಟೆ ಉಬ್ಬರಕ್ಕೂ ಕೊಡಬೇಡಿ ಅಂತ ಕಟ್ಟುಪಾಡು ಹಾಕಿದರು. ನಮ್ಮಲ್ಲಿ ಅದು ಎದೆ ಉರಿಗೆ ವರ್ಷಗಟ್ಟಲೆ ನಡೆಯುತ್ತದೆ, ಅದೂ ಚೀಟಿ ಇಲ್ಲದೆ. ಅಪ್ಪನಿಗೆ ಡಾಕ್ಟರು ಮೊದಲು ನಿಲ್ಲಿಸಿದ್ದು ಅದನ್ನೇ. ಎರಡು ವಾರದ ನಂತರದ ಇಸಿಜಿಯಲ್ಲಿ ಕ್ಯೂಟಿ ಸರಿಯಾಗಿತ್ತು. ಕಾರಣ ಅದೊಂದೇ ಅಂತ ಡಾಕ್ಟರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅಮ್ಮ ಮಾತ್ರ ಆ ಅಕ್ಷರವನ್ನು ಕಂಡರೆ ಈಗಲೂ ಮುಖ ತಿರುಗಿಸ್ತಾರೆ.

ಆಮೇಲೆ ಎಂಡೋಸ್ಕೋಪಿ ಆಯಿತು. ಅನ್ನನಾಳದ ಗಾಯಕ್ಕೆ ಎ, ಬಿ, ಸಿ, ಡಿ ಅಂತ ಗ್ರೇಡು ಕೊಡ್ತಾರೆ. ನಮ್ಮ ಸೆಮಿಸ್ಟರ್ ಗ್ರೇಡಿನ ಹಾಗೇ ಇಲ್ಲೂ ಎ ಬಂದರೆ ಒಳ್ಳೇದು. ಅಪ್ಪನಿಗೆ ಎ ಬಂತು. ಐದು ಮಿಲಿಮೀಟರ್ ದಾಟದ ಸಣ್ಣ ಗೀರು. ‘ಇಷ್ಟಕ್ಕೆ ಜೀವನಪೂರ್ತಿ ದಿನಾ ಮಾತ್ರೆ ಬೇಕಾಗಿಲ್ಲ, ನಿಧಾನವಾಗಿ ಬಿಡೋಣ’ ಅಂದರು ಡಾಕ್ಟರು.

ಅಪ್ಪ ಹೆದರಿಬಿಟ್ಟರು. ಯಾಕಂದ್ರೆ ಅವರು ಮೊದಲೇ ಎರಡು ಸಲ ಬಿಟ್ಟು ನೋಡಿದ್ದರು. ‘ಬಿಟ್ಟ ಒಂದು ವಾರಕ್ಕೆ ಬೆಂಕಿ ಕಣವ್ವಾ. ಮಾತ್ರೆ ತಗೊಳ್ಳೋಕೆ ಮುಂಚೆ ಇತ್ತಲ್ಲ, ಅದಕ್ಕಿಂತ ಜಾಸ್ತಿ. ನಂಗೆ ಇದಿಲ್ದೆ ಆಗಲ್ಲ.’

ಈ ಮಾತಿನಲ್ಲಿ ಒಂದು ಎಂಜಿನಿಯರಿಂಗ್ ಪ್ರಶ್ನೆ ಅಡಗಿದೆ. ಕಾಯಿಲೆ ವಾಪಸ್ ಬಂತಾ, ಅಥವಾ ಬಿಟ್ಟದ್ದರಿಂದಲೇ ಬಂತಾ? ಡೆನ್ಮಾರ್ಕಿನವರು ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ಎದೆ ಉರಿಯೇ ಇಲ್ಲದ 120 ಆರೋಗ್ಯವಂತರನ್ನು ತಗೊಂಡು ಅರ್ಧ ಜನಕ್ಕೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು, ಆಮೇಲೆ ಅವರಿಗೆ ತಿಳಿಯದ ಹಾಗೆ ನಾಲ್ಕು ವಾರ ಸುಳ್ಳು ಮಾತ್ರೆ ಕೊಟ್ಟರು. ಉಳಿದರ್ಧ ಜನಕ್ಕೆ ಹನ್ನೆರಡೂ ವಾರ ಸುಳ್ಳು ಮಾತ್ರೆ. 2009ರಲ್ಲಿ ಫಲಿತಾಂಶ ಬಂತು. ಔಷಧಿ ಬಿಟ್ಟ ಗುಂಪಿನಲ್ಲಿ ಶೇ. 44 ಮಂದಿಗೆ ಎದೆ ಉರಿ, ಹುಳಿ ತೇಗಿನಂಥ ತೊಂದರೆ, ಇನ್ನೊಂದರಲ್ಲಿ ಶೇ. 15. ಕಾಯಿಲೆಯೇ ಇಲ್ಲದವರಿಗೆ ಮಾತ್ರೆ ಬಿಟ್ಟದ್ದರಿಂದ ಕಾಯಿಲೆಯ ಲಕ್ಷಣ ಬಂತು.

ಕಾರಣ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲೇ ಇದೆ, ಇಂಟೆಗ್ರಲ್ ವೈಂಡ್‌ಅಪ್. ಕಂಟ್ರೋಲರ್ ಎಷ್ಟು ಕೂಗಿದರೂ ಆಕ್ಚುಯೇಟರ್ ಕೇಳದಿದ್ದರೆ ಎರರ್ ಕೂಡುತ್ತಾ ಹೋಗುತ್ತದೆ. ಆಕ್ಚುಯೇಟರ್ ಬಿಡುಗಡೆಯಾದ ಕ್ಷಣ ಅಷ್ಟು ದಿನದ ಬಾಕಿಯೆಲ್ಲ ಒಟ್ಟಿಗೆ ಬಂದು ಓವರ್‌ಶೂಟ್. ಜಠರದಲ್ಲಿ ಆಸಿಡ್ ಕಡಿಮೆ ಇದೆ ಅಂತ ಕಂಡಾಗ ದೇಹ ಗ್ಯಾಸ್ಟ್ರಿನ್ ಹೆಚ್ಚಿಸುತ್ತದೆ. ಪಂಪು ಕೆಟ್ಟಿರುವುದರಿಂದ ಆಸಿಡ್ ಏರದು. ಇನ್ನೂ ಗ್ಯಾಸ್ಟ್ರಿನ್. ಆ ಗ್ಯಾಸ್ಟ್ರಿನ್ ಹಿಸ್ಟಮಿನ್ ತುಂಬಿಟ್ಟುಕೊಳ್ಳುವ ಕೋಶಗಳನ್ನೇ ಬೆಳೆಸುತ್ತದೆ. ಮಾತ್ರೆ ನಿಲ್ಲಿಸಿ ಹೊಸ ಪಂಪುಗಳು ಬಂದಾಗ ಸ್ವಿಚ್ ಒತ್ತುವ ಕೈಗಳು ಮೊದಲಿಗಿಂತ ಜಾಸ್ತಿ ಇರುತ್ತವೆ. ಇದು ಇಳಿಯಲು ವಾರಗಳು ಬೇಕು. ಅಪ್ಪ ಎರಡು ಸಲವೂ ವಾರಕ್ಕೇ ಸೋತು ಮತ್ತೆ ಶುರು ಮಾಡಿದ್ದರು. ಇದನ್ನು ಅಪ್ಪನಿಗೆ ಹೇಳಿದ್ದು ಹೀಗೆ: ‘ಅಪ್ಪಾ, ಸ್ಪ್ರಿಂಗನ್ನ ಆರು ವರ್ಷ ಅದುಮಿ ಹಿಡಿದಿದ್ದೀರ, ತಟಕ್ಕನೆ ಕೈ ಬಿಟ್ರೆ ಹಾರದೆ ಇರುತ್ತಾ?’ ಅವರು ಕ್ಲಚ್ಚಿಗೆ ಅನ್ವಯಿಸಿಕೊಂಡು ಅರ್ಥ ಮಾಡ್ಕೊಂಡರು.

ಡಾಕ್ಟರು ಕೊಟ್ಟ ಯೋಜನೆ ಸರಳ. ನಲವತ್ತರಿಂದ ಇಪ್ಪತ್ತಕ್ಕೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಬೇಕಾದಾಗ ಮಾತ್ರ. ಮಧ್ಯೆ ರಾತ್ರಿ ಉರಿ ಬಂದರೆ ಫ್ಯಾಮೊಟಿಡಿನ್, ಹಗಲು ಬಂದರೆ ಅಜ್ಜಿಯ ಬಾಟಲಿ. ಒಮ್ಮೆಗೇ ನಿಲ್ಲಿಸಿದರೂ ಪರವಾಗಿಲ್ಲ, ಕೆಲವು ವಾರ ತಡ್ಕೊಳ್ಳಬೇಕು ಅನ್ನುವ ಡಾಕ್ಟರುಗಳೂ ಇದ್ದಾರೆ. ಮಂಚದ ತಲೆಕಡೆ ಎರಡು ಕಾಲಿಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿದ್ವಿ, ಇಳಿಜಾರಿಗೆ ವಾಲ್ವ್ ಬೇಕಾಗಿಲ್ಲ. ಎಡಮಗ್ಗುಲಿಗೆ ಮಲಗೋದು, ಊಟ ಆಗಿ ಮೂರು ಗಂಟೆ ಮಲಗದಿರೋದು. ನೈಟ್ ಹಾಲ್ಟಿನ ದಿನ ಈ ಕೊನೆಯದು ಆಗೋದೇ ಇಲ್ಲ.

ಎಲ್ಲರೂ ಬಿಡಬೇಕು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಿಕೊಂಡು ಯಾರೂ ಅಪ್ಪ ಅಮ್ಮನ ಮಾತ್ರೆ ಬಚ್ಚಿಡಬೇಡಿ. ಸಿ, ಡಿ ಗ್ರೇಡಿನ ಗಾಯ ಇದ್ದವರು, ಅನ್ನನಾಳದ ಒಳಪದರವೇ ಬದಲಾಗಿರುವವರು, ಅಲ್ಸರಿನಿಂದ ರಕ್ತ ಹೋದವರು ಇವನ್ನು ಬಿಡುವಂತಿಲ್ಲ. ನುಂಗಲು ಕಷ್ಟ, ತೂಕ ಇಳಿಯುವುದು, ಮಲ ಕಪ್ಪಾಗುವುದು ಇದ್ದರೆ ಮಾತ್ರೆ ಹೋಲಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಯೂಟ್ಯೂಬಿನಲ್ಲಿ ಕಿಡ್ನಿ ಹೋಗುತ್ತೆ, ಮೂಳೆ ಮುರಿಯುತ್ತೆ, ಮರೆವು ಬರುತ್ತೆ ಅಂತ ಹೆದರಿಸುವ ವಿಡಿಯೋಗಳೂ ಪೂರ್ತಿ ನಂಬುವಂಥವಲ್ಲ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 17,598 ಹೃದ್ರೋಗಿಗಳಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಸುಳ್ಳು ಮಾತ್ರೆ ಕೊಟ್ಟು ನೋಡಿದಾಗ ಸ್ಪಷ್ಟವಾಗಿ ಹೆಚ್ಚಾದದ್ದು ಕರುಳಿನ ಸೋಂಕು ಒಂದೇ, ಶೇ. 1.0 ಇದ್ದದ್ದು 1.4 ಆಯಿತು. ಬಹಳ ವರ್ಷ ತಗೊಂಡವರಲ್ಲಿ ಬಿ12, ಮೆಗ್ನೀಸಿಯಂ ಇಳಿಯಬಹುದು, ಅದನ್ನು ಒಮ್ಮೆ ನೋಡಿಸಿದರೆ ಸರಿ. ಅಪ್ಪನ ಬಿ12 ಕಡಿಮೆ ಇತ್ತು. ಆದರೆ ಮೊಟ್ಟೆ ಕೂಡ ತಿನ್ನದ ಮನುಷ್ಯ, ದೋಷ ಯಾರದ್ದು ಅಂತ ಹೇಳೋದು ಕಷ್ಟ.

ಈಗ ಹೊಸ ತಲೆಮಾರು ಬಂದಿದೆ. 2014ರ ಕೊನೆಗೆ ಜಪಾನಿನಲ್ಲಿ ಒಪ್ಪಿಗೆ ಪಡೆದ ವೊನೊಪ್ರಜಾನ್, ಈಗ ಭಾರತದಲ್ಲೂ ಸಿಗುತ್ತಿದೆ. ಇದು ಪಂಪನ್ನು ಕೆಡಿಸುವುದಿಲ್ಲ, ಪೊಟ್ಯಾಸಿಯಮ್ ಒಳಗೆ ಬರುವ ದಾರಿಗೆ ಅಡ್ಡ ನಿಲ್ಲುತ್ತದೆ. ಚುರುಕಾಗಲು ಆಸಿಡ್ ಬೇಕಿಲ್ಲ, ಊಟದ ಹೊತ್ತಿನ ಹಂಗಿಲ್ಲ, ಮೊದಲ ದಿನದಿಂದಲೇ ಪೂರ್ತಿ ಕೆಲಸ. 1,024 ಜನರ ಮೇಲಿನ ಪ್ರಯೋಗದಲ್ಲಿ ಎಂಟು ವಾರಕ್ಕೆ ಗಾಯ ಮಾಯ್ದದ್ದು ಇದರಲ್ಲಿ ಶೇ. 93, ಲ್ಯಾನ್ಸೊಪ್ರಜೋಲ್‌ನಲ್ಲಿ ಶೇ. 85. ವ್ಯತ್ಯಾಸ ಹೆಚ್ಚು ಕಂಡದ್ದು ಸಿ, ಡಿ ಗ್ರೇಡಿನವರಲ್ಲಿ. ಡ್ರೈವರ್ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆಯಲ್ಲಾ ಅಂತ ನನಗೆ ಆಸೆಯಾಯಿತು. ಆದರೆ ಆಸಿಡ್ ಹೆಚ್ಚು ಇಳಿದಷ್ಟೂ ಗ್ಯಾಸ್ಟ್ರಿನ್ ಹೆಚ್ಚು ಏರುತ್ತದೆ, ಇದರಲ್ಲಿ ಪ್ರಜೋಲ್‌ಗಳಿಗಿಂತ ಜಾಸ್ತಿ. ಅಪ್ಪನನ್ನು ಇಳಿಸಲು ನೋಡ್ತಿರೋದೇ ಆ ಅಟ್ಟದಿಂದ. ಡಾಕ್ಟರನ್ನು ಕೇಳಿದೆ. ‘ಎ ಗ್ರೇಡಿಗೆ ಇದ್ಯಾಕಮ್ಮಾ? ಸೊಳ್ಳೆಗೆ ಕೋವಿ ಬೇಕಾ?’ ಅಂದರು.

ಯೋಜನೆ ಶುರುವಾಗಿ ಏಳು ತಿಂಗಳಾಯಿತು. ಮೂರನೇ ತಿಂಗಳು ಬಹಳ ಕಷ್ಟ ಪಟ್ಟರು, ಒಂದು ರಾತ್ರಿ ಎದ್ದು ಕೂತು ‘ನಿನ್ನ ಪಂಪೂ ಬೇಡ ಸ್ವಿಚ್ಚೂ ಬೇಡ, ಹಳೇದೇ ಕೊಡವ್ವಾ’ ಅಂತ ಫೋನ್ ಮಾಡಿದ್ದರು. ಅಮ್ಮ ಅಂದು ಗುಲಾಬಿ ಬಾಟಲಿಯಲ್ಲೇ ಸುಧಾರಿಸಿದರು. ಈಗ ಮಾತ್ರೆ ತಗೊಂಡ ದಿನ ಅಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆ ಇಲ್ಲದ ದಿನ ಕಂಡಕ್ಟರ್ ಅಣ್ಣ ಆ ಸ್ಟಾಪಿನಲ್ಲಿ ‘ಇವತ್ತು?’ ಅಂತಾರೆ, ಅಪ್ಪ ತಲೆ ಅಲ್ಲಾಡಿಸಿ ಗೇರ್ ಹಾಕ್ತಾರೆ. ಕಳೆದ ತಿಂಗಳು ಒಟ್ಟು ಒಂಬತ್ತು ಚುಕ್ಕೆ, ಅದರಲ್ಲಿ ಮೂರು ಅಕ್ಕನ ಸೀಮಂತದ ಊಟದ ಲೆಕ್ಕಕ್ಕೆ.